ಕನ್ನಡ ಪುಸ್ತಕ ಸೂಚಿಯ ಹುಡುಕುಪುಟ: ‘ನೀರು’ ಕೇಳಿದರೆ ‘ನೂರು’ ಬರುತ್ತಿದೆ, ಎಲ್ಲಿಂದ ಸರಿಪಡಿಸಬೇಕು?

ಸೂಚಿಕಟ್ಟು ಕೇಳಿದ್ದು:

ಒಂದು ಗ್ರಂಥಾಲಯದ ಪುಸ್ತಕ ಸೂಚಿಯ ಹುಡುಕುಪುಟವನ್ನು ಬಳಸಲು ಸುಲಭವಾಗುವಂತೆ ಮಾಡಬೇಕಿದೆ. ಸುಮಾರು 40 ಸಾವಿರ ಶೀರ್ಷಿಕೆಗಳು. ಮುಕ್ಕಾಲು ಪಾಲು ಕನ್ನಡ, ಉಳಿದವು ಇಂಗ್ಲಿಷ್ ಮತ್ತು ಸಂಸ್ಕೃತ. ಹಿಂಬದಿಯಲ್ಲಿ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ, ಅದರ ಎಫ್‌ಟಿಎಸ್5 ಎಂಬ ಪಠ್ಯ ಹುಡುಕುವ ಸೂಚಿ. ಪಠ್ಯವನ್ನು ಪದಗಳಾಗಿ ಒಡೆಯುವ ಟೋಕನೈಸರ್ ಯೂನಿಕೋಡ್61, ಡೀಫಾಲ್ಟ್ ಆಯ್ಕೆಗಳು ಹೇಗಿದ್ದವೋ ಹಾಗೇ ಇವೆ. ಮುಂಬದಿಯಲ್ಲಿ ಸಾದಾ ಎಚ್‌ಟಿಎಂಎಲ್, ಒಂದಿಷ್ಟು ಜಾವಾಸ್ಕ್ರಿಪ್ಟ್. ಬರುವವರಲ್ಲಿ ಹೆಚ್ಚಿನವರು ಮೊಬೈಲಿನವರು.

ದೂರುಗಳು ಇವು. ‘ನೀರು’ ಎಂದು ಹುಡುಕಿದರೆ ‘ನೂರು’, ‘ನಾರಿ’, ‘ನೇರ’ ಇರುವ ಪುಸ್ತಕಗಳೆಲ್ಲ ಬರುತ್ತವೆ. ‘ಪು.ತಿ.ನ.’ ಎಂದು ಹಾಕಿದರೆ ಫಲಿತಾಂಶದ ಬದಲು ದೋಷಪುಟ. ‘ಬೆಂಗಳೂರು’ ಎಂದು ಟೈಪ್ ಮಾಡಿದರೆ ಬರುವ ಪಟ್ಟಿಗೂ ಬೇರೆ ಕಡೆಯಿಂದ ಅದೇ ಪದವನ್ನು ನಕಲು ಮಾಡಿ ಅಂಟಿಸಿದರೆ ಬರುವ ಪಟ್ಟಿಗೂ ತಾಳೆಯಿಲ್ಲ. ಟೈಪ್ ಮಾಡುವಾಗ ಇಳಿಯುವ ಸಲಹೆಪಟ್ಟಿ ಮಿಣುಕುತ್ತದೆ, ಒಂದು ಅಕ್ಷರಕ್ಕೆ ಕಾಣಿಸಿ ಮುಂದಿನದಕ್ಕೆ ಮಾಯ. ಪುಟದ ಮೇಲ್ಭಾಗದಲ್ಲಿ ಒಂಬತ್ತು ಖಾನೆಗಳ ‘ಸುಧಾರಿತ ಹುಡುಕಾಟ’ ಇದೆ. ಅದನ್ನು ಯಾರೂ ತುಂಬುತ್ತಿಲ್ಲ ಎಂದು ಲಾಗ್ ಹೇಳುತ್ತದೆ.

ವಿನ್ಯಾಸವನ್ನು ಪೂರ್ತಿ ಹೊಸದಾಗಿ ಮಾಡಿಸೋಣ ಎಂಬ ಮಾತು ನಡೆದಿದೆ. ಅದಕ್ಕೆ ಮೊದಲು ಏನು ಮಾಡಬೇಕು, ಯಾವ ಕ್ರಮದಲ್ಲಿ?

---

ಅರ್ಕಾವತ್ತು ಉತ್ತರ:

ಹೊಸ ವಿನ್ಯಾಸವನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದ ದೂರುಗಳಲ್ಲಿ ಮೊದಲ ಮೂರು ಪುಟದ ಅಂದಚೆಂದಕ್ಕೆ ಸಂಬಂಧಿಸಿದವಲ್ಲ. ಪೆಟ್ಟಿಗೆಯಲ್ಲಿ ಬರೆದ ಪದವನ್ನು ಸೂಚಿ ಓದುತ್ತಿರುವುದೇ ತಪ್ಪಾಗಿ. ಅದು ಸರಿಯಾಗದೆ ಎಷ್ಟು ಒಳ್ಳೆಯ ಪುಟ ಕಟ್ಟಿದರೂ ಬಳಸುವವರು ಅದನ್ನು ನಂಬುವುದಿಲ್ಲ.

‘ನೀರು’ ಏಕೆ ‘ನೂರು’ ಆಗುತ್ತಿದೆ ಎಂಬುದನ್ನು ಬಿಡಿಸಿ ನೋಡಿ. ಕಂಪ್ಯೂಟರಿಗೆ ಅದು ನಾಲ್ಕು ಸಂಕೇತ: ನ, ಈತ್ವ, ರ, ಉತ್ವ. ಯೂನಿಕೋಡ್61 ಟೋಕನೈಸರ್ ಡೀಫಾಲ್ಟ್ ಆಗಿ ಯೂನಿಕೋಡ್‌ನ ಎಲ್, ಎನ್ ವರ್ಗಗಳನ್ನು, ಅಂದರೆ ಅಕ್ಷರ ಮತ್ತು ಅಂಕಿಗಳನ್ನು, ಜೊತೆಗೆ ಸಿಓ (ಖಾಸಗಿ ಬಳಕೆಯ ಸಂಕೇತಗಳ) ವರ್ಗವನ್ನು ಮಾತ್ರ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆ, ವಿರಾಮ (‘ಕ್’ನಲ್ಲಿ ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ಅನುಸ್ವಾರಗಳು ಎಂಎನ್ ಮತ್ತು ಎಂಸಿ ಎಂಬ, ಅಕ್ಷರಕ್ಕೆ ಅಂಟುವ ಚಿಹ್ನೆಗಳ ವರ್ಗದವು. ಅವು ಅದರ ಕಣ್ಣಿಗೆ ಅಲ್ಪವಿರಾಮ, ಖಾಲಿಜಾಗಗಳಂತೆ ಪದ ಒಡೆಯುವ ಚಿಹ್ನೆಗಳು. ಹಾಗಾಗಿ ‘ನೀರು’ ಎಂಬುದು ‘ನ’, ‘ರ’ ಎಂಬ ಎರಡು ಪದಗಳಾಗಿ ಸೂಚಿ ಸೇರುತ್ತದೆ. ‘ನೂರು’, ‘ನಾರಿ’, ‘ನೇರ’ ಕೂಡ ಅದೇ ಎರಡು ಪದ. ಸೂಚಿಯ ಮಟ್ಟಿಗೆ ನಾಲ್ಕೂ ಒಂದೇ!

ಪರಿಹಾರ: ಟೋಕನೈಸರ್‌ನ ಕೆಟಗರೀಸ್ ಆಯ್ಕೆಯಲ್ಲಿ ಈಗಿರುವವುಗಳ ಜೊತೆಗೆ ಎಂಎನ್, ಎಂಸಿ ಸೇರಿಸಿ. ಇದು ಕೋಷ್ಟಕ ರಚಿಸುವ ಆಜ್ಞೆಯಲ್ಲೇ ಇರುವ ಆಯ್ಕೆ, ಆಮೇಲೆ ಬದಲಿಸಲು ಬರುವುದಿಲ್ಲ. ಬೇರೆ ಹೆಸರಿನ ಹೊಸ ಕೋಷ್ಟಕ ಮಾಡಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಎಲ್ಲ ಸಾಲು ತುಂಬಿ, ಪರೀಕ್ಷಿಸಿ, ನಂತರ ಹೆಸರು ಅದಲುಬದಲು ಮಾಡಿ. 40 ಸಾವಿರ ಸಾಲು ಅದಕ್ಕೆ ದೊಡ್ಡ ಹೊರೆಯೇನಲ್ಲ.

‘ಪು.ತಿ.ನ.’ ದೋಷಕ್ಕೆ ಕಾರಣ ಬೇರೆ. ಎಫ್‌ಟಿಎಸ್5ಕ್ಕೆ ತನ್ನದೇ ಪ್ರಶ್ನಾ ವ್ಯಾಕರಣವಿದೆ. ಉದ್ಧರಣ ಚಿಹ್ನೆಯಿಲ್ಲದ ಚುಕ್ಕೆ, ಅಡ್ಡಗೆರೆ, ಆವರಣಗಳು ಅದರ ವ್ಯಾಕರಣಕ್ಕೆ ಅಡ್ಡ ಬರುತ್ತವೆ. ಬಳಸುವವರು ಬರೆದದ್ದನ್ನು ನೇರವಾಗಿ ಮ್ಯಾಚ್ ಎಂಬ ಹುಡುಕು ಆಜ್ಞೆಗೆ ಕೊಡಬಾರದು. ಖಾಲಿಜಾಗದಲ್ಲಿ ಒಡೆದು, ಒಂದೊಂದು ತುಂಡನ್ನೂ ಜೋಡಿ ಉದ್ಧರಣದೊಳಗೆ ಹಾಕಿ. ತುಂಡಿನೊಳಗೇ ಜೋಡಿ ಉದ್ಧರಣವಿದ್ದರೆ ಅದನ್ನು ಎರಡು ಮಾಡಿ. ಆಗ ‘ಪು.ತಿ.ನ.’ ಎಂಬುದು ಪು, ತಿ, ನ ಒಂದರ ಪಕ್ಕ ಒಂದಿರುವ ಪದಗುಚ್ಛವಾಗಿ ಹೊಂದುತ್ತದೆ. ಚುಕ್ಕೆಯ ನಂತರ ಜಾಗ ಬಿಟ್ಟು ಬರೆದ ದಾಖಲೆಗಳೂ ಸಿಗುತ್ತವೆ. ‘ಪುತಿನ’ ಎಂದು ಕೂಡಿಸಿ ಬರೆದರೆ ಮಾತ್ರ ಸಿಗುವುದಿಲ್ಲ. ಅದಕ್ಕೆ ಲೇಖಕರ ಹೆಸರಿನ ಇನಿಷಿಯಲ್‌ಗಳನ್ನು ಕೂಡಿಸಿದ ರೂಪವನ್ನೂ ಸೂಚಿಗೆ ಸೇರಿಸಬೇಕು. ಹಾಗೆಯೇ ಕಾವ್ಯನಾಮ ಮತ್ತು ಪೂರ್ಣ ಹೆಸರಿನ ಜೋಡಿಪಟ್ಟಿ ಒಂದು ಇರಲಿ: ‘ಕುವೆಂಪು’ ಕೇಳಿದವರಿಗೆ ‘ಕೆ.ವಿ. ಪುಟ್ಟಪ್ಪ’ ಎಂದು ದಾಖಲಾದ ಪುಸ್ತಕವೂ ಸಿಗಬೇಕು. ಕನ್ನಡದಲ್ಲಿ ಕಾವ್ಯನಾಮಗಳು ಇಷ್ಟೊಂದು ಇರುವಾಗ ಈ ಪಟ್ಟಿಗೆ ಹಾಕಿದ ಶ್ರಮ ವ್ಯರ್ಥವಾಗುವುದಿಲ್ಲ. ಗ್ರಂಥಪಾಲಕರಿಂದಲೇ ಮಾಡಿಸಿ, ಅವರಿಗೆ ಬಾಯಲ್ಲೇ ಇರುತ್ತದೆ.

ಮೂರನೆಯದು, ನಕಲು ಮಾಡಿದ ‘ಬೆಂಗಳೂರು’. ತೋರಿಸುವ ಪಠ್ಯ ಒಂದು, ಹೋಲಿಸುವ ಕೀಲಿ (ಏಕರೂಪಕ್ಕೆ ತಂದ ಪಠ್ಯ) ಇನ್ನೊಂದು ಎಂದು ಬೇರೆ ಮಾಡಿಕೊಳ್ಳಿ. ದಾಖಲೆಗೂ ಪ್ರಶ್ನೆಗೂ ಒಂದೇ ಫಂಕ್ಷನ್ ಹಾಯಿಸಿ ಕೀಲಿ ತೆಗೆಯಿರಿ. ಕ್ರಮ ಮುಖ್ಯ:

1. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಸಂಕೇತಗಳನ್ನು ತೆಗೆಯಿರಿ. ‘ಸಾಫ್ಟ್‌ವೇರ್’ ಪದದ ನಡುವೆ ಒಂದು ಇರುತ್ತದೆ. ಅದನ್ನು ಬಿಟ್ಟರೆ ಟೋಕನೈಸರ್ ಪದವನ್ನು ಅಲ್ಲೇ ಎರಡಾಗಿ ಒಡೆಯುತ್ತದೆ.
2. ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಯೂನಿಕೋಡ್‌ನ ಕೂಡಿಸಿದ ಏಕರೂಪಕ್ಕೆ, ತನ್ನಿ. ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಸೇರಿಸಿಯೂ ಬರೆಯಬಹುದು. ಓತ್ವಕ್ಕೆ ಮೂರು ತುಂಡಿನ ರೂಪವೂ ಇದೆ. ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.
3. ಸೊನ್ನೆಯನ್ನು ಅನುಸ್ವಾರವೆಂದು ಬರೆದಿರುವುದನ್ನು ಸರಿಪಡಿಸಿ. ‘ಬೆ೦ಗಳೂರು’ ಎಂಬಲ್ಲಿ ಇರುವುದು ಕನ್ನಡ ಅಂಕಿ ಸೊನ್ನೆ. ಹಳೆಯ ಫಾಂಟ್‌ಗಳಿಂದ ಪರಿವರ್ತಿಸಿದ ಪಠ್ಯದಲ್ಲಿ ಇದು ಸಾಮಾನ್ಯ. ನಿಯಮ: ಸೊನ್ನೆಯ ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಅದು ಅನುಸ್ವಾರ, ಅಂಕಿ ಇದ್ದರೆ ಸೊನ್ನೆ.
4. ಉಳಿದ ಕನ್ನಡ ಅಂಕಿಗಳನ್ನು 0–9ಕ್ಕೆ ಬದಲಿಸಿ. ‘೧೯೫೬’ ಮತ್ತು ‘1956’ ಎರಡೂ ಒಂದೇ ಆಗಬೇಕು. ಮೂರನೆಯ ಹೆಜ್ಜೆಗೆ ಮೊದಲು ಇದನ್ನು ಮಾಡಿದರೆ ‘ಬೆ0ಗಳೂರು’ ಉಳಿದುಬಿಡುತ್ತದೆ.
5. ‘ಫ಼’, ‘ಜ಼’ಗಳ ನುಕ್ತ (ಕೆಳಗಿನ ಚುಕ್ಕೆಗಳ ಚಿಹ್ನೆ) ತೆಗೆಯಿರಿ.
6. ವರ್ಗದ ಅನುನಾಸಿಕವನ್ನು ಅನುಸ್ವಾರ ಮಾಡಿ: ‘ಪಮ್ಪ’, ‘ಪಂಪ’ ಒಂದೇ. ಇದು ಅದೇ ವರ್ಗದ ಮೊದಲ ನಾಲ್ಕು ವ್ಯಂಜನಗಳ ಮುಂದೆ ಮಾತ್ರ. ‘ಕನ್ನಡ’, ‘ಅಮ್ಮ’, ‘ಅಣ್ಣ’ಗಳ ದ್ವಿತ್ವವನ್ನು ಮುಟ್ಟಬೇಡಿ.
7. ಹಳಗನ್ನಡದ ಶೀರ್ಷಿಕೆಗಳಿದ್ದರೆ ‘ೞ’ವನ್ನು ‘ಳ’, ‘ಱ’ವನ್ನು ‘ರ’ ಎಂದು ಎಣಿಸಿ.

ಇಷ್ಟು ಮಾಡಿ ಒಂದು ವಾರ ಲಾಗ್ ನೋಡಿ. ಆಮೇಲೆ ವಿನ್ಯಾಸದ ಮಾತು.

---

ತೆರೆದಪುಟ ಉತ್ತರ:

ಮೇಲಿನದಕ್ಕೆ ನನ್ನದೂ ಒಪ್ಪಿಗೆ. ಒಂದು ಎಚ್ಚರಿಕೆ: ಈ ಬದಲಾವಣೆಗಳನ್ನು ಬಳಸುವವರು ಟೈಪ್ ಮಾಡುತ್ತಿರುವ ಪೆಟ್ಟಿಗೆಯ ಮೇಲೆಯೇ ಮಾಡಬೇಡಿ. ಪೆಟ್ಟಿಗೆಯ ಮೌಲ್ಯವನ್ನು ಸ್ಕ್ರಿಪ್ಟ್ ನಡುವೆ ಬದಲಿಸಿದರೆ ಕೀಲಿಮಣೆ ತಂತ್ರಾಂಶದ ಲೆಕ್ಕ ತಪ್ಪಿ ಅಕ್ಷರಗಳು ಎರಡೆರಡು ಸಲ ಬೀಳುತ್ತವೆ, ಕರ್ಸರ್ ಕೊನೆಗೆ ಹಾರುತ್ತದೆ. ಮೌಲ್ಯದ ನಕಲೊಂದನ್ನು ತೆಗೆದುಕೊಂಡು ಅದರ ಮೇಲೆ ಕೆಲಸ ಮಾಡಿ.

ಇನ್ನು ಪೆಟ್ಟಿಗೆ. ಇಂಗ್ಲಿಷಿನ ಅಳತೆ ಹಿಡಿದು ಮಾಡಿದ ಪೆಟ್ಟಿಗೆಗಳಲ್ಲಿ ಕನ್ನಡ ಕೆಡುವುದು ಎರಡು ಕಡೆ. ಒಂದು, ಎತ್ತರ. ‘ರಾಷ್ಟ್ರ’, ‘ಸ್ತ್ರೀ’ ಮುಂತಾದ ಪದಗಳಲ್ಲಿ ಒತ್ತಕ್ಷರ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ. ಪೆಟ್ಟಿಗೆಗೆ ನಿಗದಿ ಎತ್ತರ ಕೊಟ್ಟು ಸಾಲಿನ ಎತ್ತರ 1.2 ಇಟ್ಟರೆ ಒತ್ತಿನ ಬುಡ ಕತ್ತರಿಸಿಹೋಗುತ್ತದೆ, ತಾನು ಬರೆದದ್ದು ಸರಿಯೋ ತಪ್ಪೋ ಬಳಸುವವರಿಗೆ ತಿಳಿಯುವುದಿಲ್ಲ. ಸಾಲಿನ ಎತ್ತರ ಕನಿಷ್ಠ 1.6 ಇಡಿ, ಎತ್ತರವನ್ನು ನಿಗದಿ ಮಾಡದೆ ಮೇಲೆ ಕೆಳಗೆ 10 ಪಿಕ್ಸೆಲ್ ಪ್ಯಾಡಿಂಗ್ ಕೊಡಿ. ಫಲಿತಾಂಶದ ಶೀರ್ಷಿಕೆಗಳನ್ನು ಒಂದು ಸಾಲಿಗೆ ಕತ್ತರಿಸಿ ತೋರಿಸುತ್ತಿದ್ದರೆ ಅಲ್ಲಿಯೂ ಇದೇ ತೊಂದರೆ ಇರುತ್ತದೆ. ಎರಡು, ಅಗಲ. ಫೋನಿನಲ್ಲಿ ಲೋಗೋ, ಪೆಟ್ಟಿಗೆ, ಗುಂಡಿ, ಮೆನು ಎಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಕನ್ನಡದ ಎಂಟು ಹತ್ತು ಅಕ್ಷರಕ್ಕೇ ಪೆಟ್ಟಿಗೆ ತುಂಬುತ್ತದೆ. ಪೆಟ್ಟಿಗೆಗೆ ಪೂರ್ತಿ ಸಾಲು ಕೊಡಿ.

ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಕಡಿಮೆಯಿದ್ದರೆ ಐಫೋನಿನ ಸಫಾರಿ ಪೆಟ್ಟಿಗೆ ಮುಟ್ಟಿದ ಕೂಡಲೇ ಇಡೀ ಪುಟವನ್ನು ಹಿಗ್ಗಿಸುತ್ತದೆ. ಪೆಟ್ಟಿಗೆಯ ವಿಧ ‘ಸರ್ಚ್’ ಇರಲಿ, ಎಂಟರ್‌ಕೀಹಿಂಟ್ ಕೂಡ ‘ಸರ್ಚ್’ ಇರಲಿ. ಆಗ ಫೋನಿನ ಕೀಲಿಮಣೆಯಲ್ಲಿ ಎಂಟರ್ ಜಾಗದಲ್ಲಿ ಭೂತಗನ್ನಡಿ ಅಥವಾ ‘ಸರ್ಚ್’ ಎಂಬ ಪದ ಬರುತ್ತದೆ. ಹಾಗಿದ್ದರೂ ಪುಟದಲ್ಲಿ ‘ಹುಡುಕಿ’ ಎಂದು ಅಕ್ಷರದಲ್ಲೇ ಬರೆದ ಗುಂಡಿ ಬೇಕು, ಬರೀ ಚಿತ್ರ ಸಾಲದು. ಜಾಲಪುಟ ಎಲ್ಲರಿಗೂ ಬಳಸಲು ಬರಬೇಕೆಂಬ ಡಬ್ಲ್ಯೂಸಿಎಜಿ 2.2 ಮಾನದಂಡದ ಎಎ ಮಟ್ಟ, ಬೆರಳಿಂದ ಮುಟ್ಟುವ ಗುಂಡಿಗೆ 24×24 ಪಿಕ್ಸೆಲ್ ಕೇಳುತ್ತದೆ, ಎಎಎ ಮಟ್ಟ 44×44. ಹಿರಿಯ ಓದುಗರು ಬರುವ ಗ್ರಂಥಾಲಯದ ಪುಟಕ್ಕೆ 44ನ್ನೇ ಹಿಡಿಯಿರಿ.

ಪೆಟ್ಟಿಗೆಯೊಳಗಿನ ಮಸುಕು ಅಕ್ಷರದ ಸೂಚನೆಯನ್ನು ಲೇಬಲ್ ಎಂದು ಬಳಸಬೇಡಿ, ಟೈಪ್ ಶುರುವಾದ ಕೂಡಲೇ ಅದು ಅಳಿಯುತ್ತದೆ. ‘ಪುಸ್ತಕ, ಲೇಖಕರು ಅಥವಾ ವಿಷಯ’ ಎಂದು ಪೆಟ್ಟಿಗೆಯ ಮೇಲೆ ಬರೆಯಿರಿ. ಪುಟದ ಭಾಷೆ ಕನ್ನಡವೆಂದು ಲ್ಯಾಂಗ್ ಗುಣದಲ್ಲಿ ಹೇಳಿ, ಇಂಗ್ಲಿಷ್ ಶೀರ್ಷಿಕೆಗಳಿಗೆ ಅವುಗಳ ಭಾಷೆಯನ್ನು ಪ್ರತ್ಯೇಕವಾಗಿ ಹೇಳಿ. ಇಲ್ಲದಿದ್ದರೆ ಪರದೆ ಓದುವ ತಂತ್ರಾಂಶ ಯಾವ ದನಿಯಲ್ಲಿ ಓದಬೇಕೆಂದು ತಿಳಿಯದೆ ತಪ್ಪುತ್ತದೆ.

ಸಲಹೆಪಟ್ಟಿಯ ವಿಷಯದಲ್ಲಿ: ಕಾಂಪೊಸಿಷನ್‌ಎಂಡ್ ಘಟನೆ, ಅಂದರೆ ಕೀಲಿಮಣೆ ಅಕ್ಷರ ಕಟ್ಟಿ ಮುಗಿಸಿದೆ ಎಂಬ ಬ್ರೌಸರಿನ ಸೂಚನೆ, ಬರುವವರೆಗೂ ಸರ್ವರಿಗೆ ಪ್ರಶ್ನೆ ಕಳಿಸಬೇಡಿ. ಅರೆಬರೆ ಅಕ್ಷರಗಳಿಗೆಲ್ಲ ಉತ್ತರ ಕೊಡಲು ಹೋಗುವುದರಿಂದಲೇ ಪಟ್ಟಿ ಮಿಣುಕುತ್ತದೆ.

---

ಕೀಲಿಮಣೆ ಉತ್ತರ:

ಕೊನೆಯ ಮಾತನ್ನು ಒಪ್ಪಲಾರೆ. ಆಂಡ್ರಾಯ್ಡ್‌ನಲ್ಲಿ ಜೀಬೋರ್ಡ್ ಮುಂತಾದವು ಪದ ಮುಗಿದು ಖಾಲಿಜಾಗ ಒತ್ತುವವರೆಗೂ ಇಡೀ ಪದವನ್ನು ಕಾಂಪೊಸಿಷನ್ ಸ್ಥಿತಿಯಲ್ಲೇ ಇಟ್ಟುಕೊಂಡಿರುತ್ತವೆ. ಕಾಂಪೊಸಿಷನ್‌ಎಂಡ್‌ಗೆ ಕಾದರೆ ಫೋನಿನಲ್ಲಿ ಮೊದಲ ಪದ ಮುಗಿಯುವವರೆಗೆ ಸಲಹೆಯೇ ಬರುವುದಿಲ್ಲ. ಹೆಚ್ಚಿನವರು ಒಂದೇ ಪದ ಬರೆದು ಹುಡುಕುತ್ತಾರೆ. ಅವರಿಗೆ ಸಲಹೆಪಟ್ಟಿ ಇದ್ದೂ ಇಲ್ಲದಂತೆ. ಪೆಟ್ಟಿಗೆಯ ಪಠ್ಯ ಬದಲಾದಾಗಲೆಲ್ಲ ಬರುವ ಇನ್‌ಪುಟ್ ಘಟನೆಯನ್ನೇ ಕೇಳಿಸಿಕೊಳ್ಳಿ, 200ರಿಂದ 300 ಮಿಲಿಸೆಕೆಂಡ್ ತಡೆದು ಪ್ರಶ್ನೆ ಕಳಿಸಿ.

ಕಾಂಪೊಸಿಷನ್ ಸ್ಥಿತಿ ನೋಡಬೇಕಾದದ್ದು ಎಂಟರ್ ಮತ್ತು ಬಾಣದ ಕೀಲಿಗಳಿಗೆ ಮಾತ್ರ. ಕೀಲಿಮಣೆಯ ಸಲಹೆಯನ್ನು ಒಪ್ಪಿಕೊಳ್ಳಲು ಒತ್ತಿದ ಎಂಟರ್ ಹುಡುಕಾಟವನ್ನು ಶುರು ಮಾಡಬಾರದು. ಕಾಂಪೊಸಿಷನ್ ನಡೆದಿದೆಯೇ ಎಂದು ಹೇಳುವ ಈಸ್‌ಕಂಪೋಸಿಂಗ್ ನಿಜವಿದ್ದರೆ ಎಂಟರ್ ಬಿಟ್ಟುಬಿಡಿ. ಸಫಾರಿಯಲ್ಲಿ ಕಾಂಪೊಸಿಷನ್ ಮುಗಿದ ಮೇಲೆ ಕೀಡೌನ್ (ಕೀಲಿ ಒತ್ತಿದ ಘಟನೆ) ಬರುವುದರಿಂದ ಆ ಪರೀಕ್ಷೆಯೊಂದೇ ಸಾಲದು, ಕೀಕೋಡ್ (ಕೀಲಿಯ ಸಂಖ್ಯೆ) 229 ಇದೆಯೇ ಎಂದೂ ನೋಡಿ.

ಹಾಗಾದರೆ ಪಟ್ಟಿ ಮಿಣುಕುವುದು ಯಾಕೆ? ಲಿಪ್ಯಂತರ ವಿಧಾನದಲ್ಲಿ ‘ಕೊಡಗು’ ಬರೆಯುವಾಗ ಪೆಟ್ಟಿಗೆಯಲ್ಲಿ ಏನೇನು ಆಗುತ್ತದೆ ನೋಡಿ: ಕ್, ಕೊ, ಕೊಡ್, ಕೊಡ, ಕೊಡಗ್, ಕೊಡಗು. ಪ್ರತಿ ವ್ಯಂಜನದ ಹೊತ್ತಿಗೆ ಕೊನೆಯಲ್ಲೊಂದು ವಿರಾಮ ಚಿಹ್ನೆ ಇರುತ್ತದೆ. ಸೂಚಿಯಲ್ಲಿರುವ ‘ಕೊಡಗು’ ಎಂಬುದರಲ್ಲಿ ‘ಡ’ದ ನಂತರ ವಿರಾಮವಿಲ್ಲ, ಆದ್ದರಿಂದ ‘ಕೊಡ್’ ಎಂಬ ಪೂರ್ವಭಾಗ ಅದಕ್ಕೆ ಹೊಂದುವುದಿಲ್ಲ. ಪಟ್ಟಿ ಖಾಲಿ. ಮುಂದಿನ ಸ್ವರ ಬಿದ್ದ ಕೂಡಲೇ ಮತ್ತೆ ತುಂಬುತ್ತದೆ. ಸಲಹೆಯ ಪ್ರಶ್ನೆ ಕಳಿಸುವ ಮೊದಲು ಕೊನೆಯ ವಿರಾಮವನ್ನು ಕತ್ತರಿಸಿ, ‘ಕೊಡ್’ ಎಂಬುದು ‘ಕೊಡ’ ಆಗಲಿ. ಪೂರ್ವಭಾಗದ ಹುಡುಕಾಟದಲ್ಲಿ ಇದರಿಂದ ನಷ್ಟವಿಲ್ಲ, ‘ಕನ’ ಎಂಬುದು ‘ಕನ್ನಡ’ಕ್ಕೂ ಹೊಂದುತ್ತದೆ.

ಮಿಣುಕಿಗೆ ಎರಡನೆಯ ಕಾರಣವೂ ಇರಬಹುದು. ನಿಧಾನದ ಜಾಲದಲ್ಲಿ ‘ಕೊ’ಗೆ ಕೇಳಿದ ಉತ್ತರ ‘ಕೊಡಗು’ವಿನ ಉತ್ತರಕ್ಕಿಂತ ತಡವಾಗಿ ಬಂದು ಪಟ್ಟಿಯ ಮೇಲೆ ಕೂರುತ್ತದೆ. ಹೊಸ ಪ್ರಶ್ನೆ ಹೊರಟಾಗ ಹಳೆಯದನ್ನು ಅಬಾರ್ಟ್‌ಕಂಟ್ರೋಲರ್ ಮೂಲಕ ರದ್ದು ಮಾಡಿ. ಹೊಸ ಉತ್ತರ ಬರುವವರೆಗೆ ಹಳೆಯ ಪಟ್ಟಿಯನ್ನು ಅಳಿಸದೆ ಹಾಗೇ ಬಿಡಿ.

ಕೀಲಿಮಣೆಯಲ್ಲೇ ಕೆಲಸ ಮಾಡುವವರಿಗೆ ಕಾಂಬೊಬಾಕ್ಸ್ ಮಾದರಿಯನ್ನು ಪೂರ್ತಿ ಪಾಲಿಸಿ: ಕೆಳಬಾಣ ಪಟ್ಟಿಗೆ ಇಳಿಸಬೇಕು, ಎಸ್ಕೇಪ್ ಪಟ್ಟಿಯನ್ನು ಮುಚ್ಚಬೇಕು, ಬರೆದ ಪದ ಮಾತ್ರ ಉಳಿಯಬೇಕು. ಯಾವ ಸಲಹೆಯೂ ತಾನಾಗಿ ಆಯ್ಕೆಯಾಗಿರಬಾರದು, ಎಂಟರ್ ಒತ್ತಿದರೆ ಬರೆದದ್ದನ್ನೇ ಹುಡುಕಬೇಕು. ಫೋನಿನಲ್ಲಿ ಆರಕ್ಕಿಂತ ಹೆಚ್ಚು ಸಲಹೆ ಬೇಡ, ಅರ್ಧ ಪರದೆ ಕೀಲಿಮಣೆಗೇ ಹೋಗಿರುತ್ತದೆ.

---

ಸೂಚಿಕಟ್ಟು:

ಎಂಎನ್, ಎಂಸಿ ಸೇರಿಸಿ ಹೊಸ ಕೋಷ್ಟಕ ಮಾಡಿದೆ. ‘ನೀರು’ ಸರಿಯಾಗಿದೆ. ಆದರೆ ಈಗ ಫಲಿತಾಂಶವೇ ಇಲ್ಲದ ಹುಡುಕಾಟಗಳು ಹೆಚ್ಚಿವೆ. ‘ಮೈಸೂರಿನ ಇತಿಹಾಸ’ ಎಂದರೆ ‘ಮೈಸೂರು ಇತಿಹಾಸ’ ಎಂಬ ಶೀರ್ಷಿಕೆ ಸಿಗುತ್ತಿಲ್ಲ. ‘ಕತೆ’, ‘ಕಥೆ’ ಬೇರೆ ಬೇರೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವವರೂ ಬಹಳ ಜನ. ಟ್ರೈಗ್ರಾಮ್ ಟೋಕನೈಸರ್‌ಗೆ ಹೋಗಲೇ? ಹುಡುಕಿದ ಪದಕ್ಕೆ ಹಳದಿ ಬಣ್ಣ ಹಚ್ಚುವಾಗ ಅಕ್ಷರ ಒಡೆದು ಚುಕ್ಕೆಗಳ ವೃತ್ತ ಕಾಣಿಸುತ್ತಿದೆ, ಅದಕ್ಕೇನು?

---

ಅರ್ಕಾವತ್ತು ಉತ್ತರ:

ಮೊದಲು ಟ್ರೈಗ್ರಾಮ್. ಅದು ಮೂರು ಸಂಕೇತಗಳ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಿಕ್ಕ ಪ್ರಶ್ನೆಗೆ ಮ್ಯಾಚ್ ಏನನ್ನೂ ಕೊಡುವುದಿಲ್ಲ. ‘ಮರ’, ‘ಜಲ’, ‘ವನ’ ಎರಡೇ ಸಂಕೇತದ ಪದಗಳು, ಇವೆಲ್ಲ ಸೊನ್ನೆ ಫಲಿತಾಂಶ ಕೊಡುತ್ತವೆ. ಪೂರಕವಾಗಿ ಇಡಬಹುದು, ಮುಖ್ಯ ಸೂಚಿಯಾಗಿ ಬೇಡ.

ವಿಭಕ್ತಿಗೆ ಚಿಕ್ಕ ನಿಯಮಪಟ್ಟಿ ಸಾಕು, ಪೂರ್ಣ ವ್ಯಾಕರಣ ವಿಶ್ಲೇಷಣೆಗೆ ಹೋಗಬೇಡಿ. ಪದದ ಕೊನೆಯಿಂದ ‘ಗಳು’, ‘ಗಳ’, ‘ದಲ್ಲಿ’, ‘ಯಲ್ಲಿ’, ‘ಇನಲ್ಲಿ’, ‘ಅನ್ನು’, ‘ಇಂದ’, ‘ಇನ’ ತೆಗೆಯುವುದು, ಉದ್ದದ್ದು ಮೊದಲು. ನಂತರ ಕೊನೆಯಲ್ಲಿ ಉತ್ವ ಅಥವಾ ವಿರಾಮ ಇದ್ದರೆ ಅದನ್ನೂ ತೆಗೆಯುವುದು. ‘ಮೈಸೂರಿನ’, ‘ಮೈಸೂರು’ ಎರಡೂ ‘ಮೈಸೂರ’ ಆಗುತ್ತವೆ. ‘ಬ್ಯಾಂಕು’, ‘ಬ್ಯಾಂಕ್’ ಜಗಳವೂ ಇದರಲ್ಲೇ ಮುಗಿಯುತ್ತದೆ. ತೆಗೆದ ಮೇಲೆ ಕನಿಷ್ಠ ಎರಡು ಅಕ್ಷರ ಉಳಿಯಬೇಕು ಎಂಬ ಷರತ್ತು ಇಡಿ. ಇಲ್ಲದಿದ್ದರೆ ‘ದಿನ’ ಎಂಬುದು ‘ದ’ ಆಗುತ್ತದೆ, ‘ತಿಂಗಳು’ ಎಂಬುದು ‘ತಿಂ’, ‘ಮಂಗಳ’ ಎಂಬುದು ‘ಮಂ’. ಎರಡೂ ಬದಿಗೆ ಒಂದೇ ನಿಯಮ ಹಾಯುವುದರಿಂದ ಅಲ್ಲಲ್ಲಿ ತಪ್ಪಾಗಿ ಕತ್ತರಿಸಿದರೂ ಹುಡುಕಾಟ ಕೆಡುವುದಿಲ್ಲ. ಸಲಹೆಪಟ್ಟಿಯಲ್ಲಿ ಇನ್ನೂ ಬರೆಯುತ್ತಿರುವ ಕೊನೆಯ ಪದಕ್ಕೆ ಮಾತ್ರ ಈ ಕತ್ತರಿ ಬೇಡ.

‘ಕತೆ/ಕಥೆ’ಗೆ ಎರಡನೆಯ, ಸಡಿಲವಾದ ಕೀಲಿ ಮಾಡಿ. ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿ, ‘ಷ’ವನ್ನು ‘ಶ’ ಮಾಡಿ, ‘ಕೃ’ ಮತ್ತು ‘ಕ್ರು’ ಒಂದೇ ಮಾಡಿ, ‘ಐ’ ಮತ್ತು ‘ಅಯ್’ ಒಂದೇ ಮಾಡಿ, ‘ಧರ್ಮ್ಮ’ದಂಥ ಹಳೆಯ ಬರವಣಿಗೆಯ ದ್ವಿತ್ವವನ್ನು ಒಂದಕ್ಕಿಳಿಸಿ. ಇಲ್ಲಿಗೆ ನಿಲ್ಲಿಸಿ. ‘ಲ’, ‘ಳ’ ಕೂಡಿಸಿದರೆ ‘ಕಾಲು’ ಹುಡುಕಿದವರಿಗೆ ‘ಕಾಳು’, ‘ಹಲ್ಲಿ’ ಹುಡುಕಿದವರಿಗೆ ‘ಹಳ್ಳಿ’ ಬರುತ್ತದೆ. ಹ್ರಸ್ವ ದೀರ್ಘ ಕೂಡಿಸಿದರೆ ‘ನಡು’ ಮತ್ತು ‘ನಾಡು’ ಒಂದಾಗುತ್ತವೆ, ನೀವು ಹೊರಟ ಜಾಗಕ್ಕೇ ವಾಪಸು. ಬಿಗಿ ಕೀಲಿಗೆ ಹೊಂದಿದವು ಮೊದಲು, ಸಡಿಲ ಕೀಲಿಗೆ ಮಾತ್ರ ಹೊಂದಿದವು ಕೆಳಗೆ ‘ಹತ್ತಿರದ ಹೊಂದಿಕೆಗಳು’ ಎಂಬ ತಲೆಬರಹದಡಿ. ಎರಡನ್ನೂ ಒಟ್ಟಿಗೆ ಕಲಸಿದರೆ ನಿಖರವಾಗಿ ಬರೆದವರಿಗೆ ಅನ್ಯಾಯವಾಗುತ್ತದೆ.

ಇಂಗ್ಲಿಷ್ ಲಿಪಿಗೆ ಮೂರನೆಯ ಕೀಲಿ. ಅದರಲ್ಲಿ ನಿಖರತೆ ಹುಡುಕಬೇಡಿ, ಜನ ಒಂದೇ ಹೆಸರನ್ನು ಹತ್ತು ಥರ ಬರೆಯುತ್ತಾರೆ. ಕನ್ನಡ ಶೀರ್ಷಿಕೆಯನ್ನು ರೋಮನ್‌ಗೆ ತಿರುಗಿಸಿ, ಜೋಡಿ ಅಕ್ಷರಗಳನ್ನು ಒಂದು ಮಾಡಿ, ವ್ಯಂಜನದ ನಂತರದ ‘ಎಚ್’ ಬಿಡಿ, ‘ವಿ’ ಮತ್ತು ‘ಡಬ್ಲ್ಯೂ’ ಒಂದೇ ಎಣಿಸಿ, ವ್ಯಂಜನದ ಮುಂದಿನ ‘ಎಂ’ ಮತ್ತು ‘ಎನ್’ ಒಂದೇ ಎಣಿಸಿ. ಇಂಗ್ಲಿಷ್ ಸ್ವರಾಕ್ಷರಗಳಲ್ಲಿ ಜೋಡಿ ‘ಇ’ಯನ್ನು ‘ಐ’, ಜೋಡಿ ‘ಓ’ವನ್ನು ‘ಯು’ ಎಂದು ಹಿಡಿಯಿರಿ. ಇದನ್ನು ಜೋಡಿ ಅಕ್ಷರ ಕುಗ್ಗಿಸುವ ಮೊದಲು ಮಾಡಬೇಕು. ದೀರ್ಘ ‘ಏ’ಗೂ ಕೆಲವರು ಜೋಡಿ ‘ಇ’ ಬರೆಯುವುದರಿಂದ ‘ಬೇಂದ್ರೆ’ಯಂಥ ಹೆಸರಿಗೆ ಎರಡೂ ರೂಪವನ್ನು ಸೂಚಿಯಲ್ಲಿಡಿ. ಬಂದ ಪ್ರಶ್ನೆ ಪೂರ್ತಿ ರೋಮನ್ ಆಗಿದ್ದರೆ ಇಂಗ್ಲಿಷ್ ಶೀರ್ಷಿಕೆಗಳಲ್ಲೂ ಈ ಕೀಲಿಯಲ್ಲೂ ಹುಡುಕಿ.

---

ತೆರೆದಪುಟ ಉತ್ತರ:

ಇನ್‌ಪುಟ್ ಘಟನೆಯ ವಿಷಯದಲ್ಲಿ ಕೀಲಿಮಣೆಯವರು ಹೇಳಿದ್ದೇ ಸರಿ.

ಚುಕ್ಕೆವೃತ್ತಕ್ಕೆ ಕಾರಣ: ‘ರಾಷ್’ ಎಂದು ಹುಡುಕಿದಾಗ ‘ರಾಷ್ಟ್ರ’ದ ಮೊದಲ ಭಾಗಕ್ಕೆ ಬಣ್ಣ ಹಚ್ಚುವ ಮಾರ್ಕ್ ಟ್ಯಾಗ್ ಸುತ್ತಿದರೆ ಒತ್ತಕ್ಷರದ ಸರಪಳಿ ನಡುವೆ ತುಂಡಾಗುತ್ತದೆ. ಹುಡುಕಿದ್ದು ‘ಕನ’ ಇದ್ದು ಪದ ‘ಕನ್ನಡ’ ಆದರೆ ಟ್ಯಾಗಿನ ಆಚೆ ವಿರಾಮ ಚಿಹ್ನೆ ಒಂಟಿಯಾಗಿ ಉಳಿಯುತ್ತದೆ, ಅದಕ್ಕೆ ಆಸರೆಯಾಗಿ ಬ್ರೌಸರ್ ಚುಕ್ಕೆಗಳ ವೃತ್ತ ಬರೆಯಬಹುದು. ಪಠ್ಯವನ್ನು ಅಕ್ಷರಗಳಾಗಿ ಒಡೆಯುವ ಜಾವಾಸ್ಕ್ರಿಪ್ಟ್‌ನ ಇಂಟಲ್ ಸೆಗ್ಮೆಂಟರ್ ಬಳಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ಕನ್ನಡಕ್ಕೆ ಅದೊಂದೇ ಸಾಲದು. ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ ಯೂನಿಕೋಡ್ 15.1ರಲ್ಲಿ, 2023ರಲ್ಲಿ, ಬಂದಾಗ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು, ಕನ್ನಡ ಇರಲಿಲ್ಲ. ಅದರ ಪ್ರಕಾರ ‘ಸ್ತ್ರೀ’ ಮೂರು ತುಂಡು: ಸ್, ತ್, ರೀ. ತುಂಡು ವಿರಾಮದಲ್ಲಿ ಮುಗಿದರೆ ಮುಂದಿನದಕ್ಕೆ ಅಂಟಿಸಿಕೊಳ್ಳುವ ಕೋಡ್ ನೀವೇ ಬರೆಯಬೇಕು. ನನ್ನ ಅಭಿಪ್ರಾಯ ಕೇಳಿದರೆ ಈ ಗೋಜೇ ಬೇಡ, ಹೊಂದಿದ ಪದವನ್ನು ಇಡಿಯಾಗಿ ಬಣ್ಣ ಹಚ್ಚಿ. ವಿಭಕ್ತಿ ಸೇರಿ ಉದ್ದವಾದ ಪದದಲ್ಲಿ ಅರ್ಧಕ್ಕೆ ಹಳದಿ ನಿಂತರೆ ಓದಲೂ ತೊಡಕು.

ಒಂಬತ್ತು ಖಾನೆಗಳನ್ನು ತೆಗೆದುಹಾಕಿ. ಪುಟದಲ್ಲಿ ಒಂದೇ ಪೆಟ್ಟಿಗೆ ಇರಲಿ. ಸೋಸುವ ಆಯ್ಕೆಗಳು ಫಲಿತಾಂಶ ಬಂದ ಮೇಲೆ, ಅದೂ ನಾಲ್ಕೇ: ಭಾಷೆ, ವಿಷಯ, ದಶಕ, ಓದಲು ಲಭ್ಯವೇ. ಪ್ರತಿ ಆಯ್ಕೆಯ ಮುಂದೆ ಎಷ್ಟು ಪುಸ್ತಕ ಎಂಬ ಸಂಖ್ಯೆ ಇರಲಿ, ಸೊನ್ನೆ ಇರುವ ಆಯ್ಕೆ ತೋರಿಸಲೇಬೇಡಿ. ಫೋನಿನಲ್ಲಿ ಸೋಸುಕ ಬೇರೆ ಹಾಳೆಯಾಗಿ ತೆರೆಯುವುದಾದರೆ ಕೆಳಗಿನ ಗುಂಡಿಯ ಮೇಲೆ ‘42 ಪುಸ್ತಕ ತೋರಿಸಿ’ ಎಂದು ಬರಲಿ. ಹಚ್ಚಿದ ಸೋಸುಕಗಳು ಪಟ್ಟಿಯ ಮೇಲೆ ತೆಗೆಯಬಹುದಾದ ಚೀಟಿಗಳಾಗಿ ಕಾಣಬೇಕು. ಹೊಸ ಪದ ಹುಡುಕಿದಾಗ ಹಳೆಯ ಸೋಸುಕ ಗೊತ್ತಾಗದಂತೆ ಉಳಿದರೆ ‘ಪುಸ್ತಕವೇ ಇಲ್ಲ’ ಎಂದು ಜನ ಹೊರಟುಹೋಗುತ್ತಾರೆ.

ಒಂದೊಂದು ಫಲಿತಾಂಶದಲ್ಲಿ ಶೀರ್ಷಿಕೆ, ಲೇಖಕರು, ಪ್ರಕಟಣೆಯ ವರ್ಷ, ಕಪಾಟಿನ ಸಂಖ್ಯೆ, ಸದ್ಯ ಸಿಗುತ್ತದೆಯೇ ಇಲ್ಲವೇ. ಪಿಡಿಎಫ್ ಇದ್ದರೆ ಅದರ ಗಾತ್ರ ಎಂಬಿಯಲ್ಲಿ. ಸ್ಕ್ಯಾನ್ ಮಾಡಿದ ಪುಸ್ತಕ 80 ಎಂಬಿ ಇದೆಯೆಂದು ತಿಳಿಯದೆ ಮುಟ್ಟಿಸುವುದು ಸರಿಯಲ್ಲ. ಫಲಿತಾಂಶದ ಪುಟದಲ್ಲೂ ಪೆಟ್ಟಿಗೆಯಲ್ಲಿ ಹುಡುಕಿದ ಪದ ಹಾಗೇ ಇರಬೇಕು, ತಿದ್ದಲು ಮತ್ತೆ ಮೊದಲಿಂದ ಬರೆಯುವಂತಾಗಬಾರದು. ಪ್ರಶ್ನೆ ಮತ್ತು ಸೋಸುಕ ಎರಡೂ ವಿಳಾಸದಲ್ಲಿರಲಿ, ಹಿಂದಕ್ಕೆ ಒತ್ತಿದರೆ ಅದೇ ಜಾಗಕ್ಕೆ ಮರಳಲಿ. ವಿಳಾಸದಲ್ಲಿ ಕನ್ನಡದ ಒಂದು ಸಂಕೇತ ಒಂಬತ್ತು ಅಕ್ಷರವಾಗುತ್ತದೆ, ‘ಕನ್ನಡ’ ಎಂಬುದಕ್ಕೇ 45. ಆದ್ದರಿಂದ ಪ್ರತಿ ಪುಸ್ತಕದ ಪುಟಕ್ಕೆ ಶೀರ್ಷಿಕೆಯ ಬದಲು ಸಂಖ್ಯೆಯ ಚಿಕ್ಕ ವಿಳಾಸ ಕೊಡಿ, ವಾಟ್ಸ್ಆ್ಯಪ್‌ನಲ್ಲಿ ಹಂಚಲು ಅನುಕೂಲ.

ಅಕಾರಾದಿ ಕ್ರಮ ಕೊಡುವುದಾದರೆ ಸಂಕೇತಗಳ ಕ್ರಮವನ್ನೇ ನಂಬಬೇಡಿ. ಯೂನಿಕೋಡ್‌ನಲ್ಲಿ ‘ಳ’ ಇರುವುದು ‘ವ’ಕ್ಕಿಂತ ಮುಂಚೆ, ನಮ್ಮ ವರ್ಣಮಾಲೆಯಲ್ಲಿ ‘ಹ’ದ ನಂತರ.

---

ಸೂಚಿಕಟ್ಟು:

ಎರಡು ಉಳಿದವು. ಏನೂ ಸಿಗದಾಗ ಪುಟದಲ್ಲಿ ಏನು ತೋರಿಸಬೇಕು? ಮತ್ತೆ, ಕೆಲವರು ಹಳೆಯ ನುಡಿ ತಂತ್ರಾಂಶದ ಕಡತದಿಂದ ನಕಲು ಮಾಡಿ ಅಂಟಿಸುತ್ತಾರೆ, ಪೆಟ್ಟಿಗೆಯಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬೀಳುತ್ತವೆ.

---

ಕೀಲಿಮಣೆ ಉತ್ತರ:

ನುಡಿಯ ಹಳೆಯ ಫಾಂಟ್ ಪಠ್ಯವನ್ನು ಗುರುತಿಸುವುದು ಸುಲಭ. ತಲೆಯ ಮೇಲೆ ಓರೆಗೆರೆ ಇರುವ ದೊಡ್ಡ ‘ಎ’ ಅಕ್ಷರ ಎರಡು ಮೂರು ಅಕ್ಷರಕ್ಕೊಮ್ಮೆ ಬರುತ್ತದೆ, ನಡುವೆ ಪೌಂಡ್ ಹಣದ ಚಿಹ್ನೆ ಕಾಣಿಸುತ್ತದೆ. ಸಾಮಾನ್ಯ ಇಂಗ್ಲಿಷ್ ಪ್ರಶ್ನೆಯಲ್ಲಿ ಇವು ಇರುವುದಿಲ್ಲ. ಹಾಗೆ ಕಂಡರೆ ಯೂನಿಕೋಡ್‌ಗೆ ಪರಿವರ್ತಿಸಿ ಹುಡುಕಿ, ಪರಿವರ್ತಿಸಿದ ಪದವನ್ನು ಪೆಟ್ಟಿಗೆಯಲ್ಲಿ ತೋರಿಸಿ. ಪರಿವರ್ತಕಗಳು ಮುಕ್ತವಾಗಿ ಸಿಗುತ್ತವೆ. ಅರ್ಕಾವತ್ತು (‘ರ್’ ಸೂಚಿಸುವ ಒತ್ತು) ಇರುವ ಪದಗಳನ್ನು ಮಾತ್ರ ಕೈಯಾರೆ ಪರೀಕ್ಷಿಸಿ. ಹಳೆಯ ಸಂಕೇತದಲ್ಲಿ ಅರ್ಕ ಒತ್ತು ವ್ಯಂಜನದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ‘ಕರ್ನಾಟಕ’, ‘ಧರ್ಮ’, ‘ಸೂರ್ಯ’ ಮೂರೂ ಸರಿ ಬಂದರೆ ಸಾಕಷ್ಟು ಭರವಸೆಯಿಡಬಹುದು. ಸೂಚಿಯ ಒಳಗೂ ಇಂಥ ದಾಖಲೆ ಉಳಿದಿವೆಯೇ ಎಂದು ಅದೇ ಗುರುತಿನಿಂದ ಒಮ್ಮೆ ಜಾಲಾಡಿ.

ಏನೂ ಸಿಗದಾಗ ಮೊದಲ ಸಾಲಿನಲ್ಲಿ ಹುಡುಕಿದ ಪದವನ್ನೇ ಬರೆಯಿರಿ: ‘ಮೈಸೂರು ದಸರ ಚರಿತೆ’ಗೆ ಹೊಂದುವ ಪುಸ್ತಕ ಸಿಗಲಿಲ್ಲ. ಅದರ ಕೆಳಗೆ ಒಂದೊಂದು ಪದ ಬಿಟ್ಟರೆ ಎಷ್ಟು ಸಿಗುತ್ತವೆ ಎಂದು ನಿಜವಾದ ಸಂಖ್ಯೆಯೊಂದಿಗೆ ಕೊಂಡಿ ಕೊಡಿ. ಸೋಸುಕ ಹಚ್ಚಿದ್ದರೆ ಅದನ್ನು ತೆಗೆಯುವ ಗುಂಡಿಯನ್ನು ಎಲ್ಲಕ್ಕಿಂತ ಮೇಲಿಡಿ. ಕಾಗುಣಿತ ತಿದ್ದಿ ಹುಡುಕಿದ್ದರೆ ಅದನ್ನು ಮುಚ್ಚಿಡಬೇಡಿ. ‘ಭಾಷೆ’ಗೆ ಫಲಿತಾಂಶ ತೋರಿಸಲಾಗಿದೆ, ‘ಬಾಷೆ’ಯನ್ನೇ ಹುಡುಕಿ ಎಂದು ಎರಡೂ ದಾರಿ ಇರಲಿ. ಪರದೆ ಓದುವ ತಂತ್ರಾಂಶದವರಿಗೆ ಫಲಿತಾಂಶದ ಸಂಖ್ಯೆಯನ್ನು ಸ್ಟೇಟಸ್ ಪಾತ್ರವಿರುವ (ಬದಲಾದಾಗ ತಾನಾಗಿ ಓದಿಸುವ) ಸಾಲಿನಲ್ಲಿ ಹಾಕಿ. ಆ ಸಾಲು ಪುಟ ತೆರೆದಾಗಲೇ ಖಾಲಿಯಾಗಿ ಇದ್ದು ಆಮೇಲೆ ತುಂಬಬೇಕು. ಸಾಲನ್ನೇ ಹೊಸದಾಗಿ ಸೇರಿಸಿದರೆ ಕೆಲವು ತಂತ್ರಾಂಶಗಳು ಅದನ್ನು ಓದುವುದಿಲ್ಲ.

ಫಲಿತಾಂಶವಿಲ್ಲದ ಪ್ರಶ್ನೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು ಗ್ರಂಥಪಾಲಕರ ಮುಂದಿಡಿ. ಪಟ್ಟಿಯ ಮೇಲಿನ 50ನ್ನು ಮೂರು ರಾಶಿ ಮಾಡಲಿ: ಪುಸ್ತಕ ಇದ್ದೂ ಸಿಗದವು, ಪುಸ್ತಕವೇ ಇಲ್ಲದವು, ಬರೆದದ್ದು ಏನೆಂದೇ ತಿಳಿಯದವು. ಮೊದಲ ರಾಶಿ ಕೀಲಿಯ ನಿಯಮಕ್ಕೋ ಹೆಸರಿನ ಜೋಡಿಪಟ್ಟಿಗೋ ಹೋಗುತ್ತದೆ, ಎರಡನೆಯದು ಖರೀದಿ ಸಮಿತಿಗೆ. ಲಾಗ್‌ನಲ್ಲಿ ಪ್ರಶ್ನೆಯ ಮೂಲರೂಪ ಮತ್ತು ಕೀಲಿ ಎರಡನ್ನೂ ಬರೆದಿಡಿ, ಐಪಿ ವಿಳಾಸ ಇಡಬೇಡಿ. ಮೂಲರೂಪ ಇಲ್ಲದಿದ್ದರೆ ಯಾವ ಹೆಜ್ಜೆಯಲ್ಲಿ ಪದ ಕೆಟ್ಟಿತೆಂದು ಆಮೇಲೆ ಕಂಡುಹಿಡಿಯಲಾಗದು.